ನನ್ನ ಓರಗಿತ್ತಿಯ ಗೋತಾ

ನನ್ನ ಓರಗಿತ್ತಿಯ ಬಗ್ಗೆ ನಾಲ್ಕು ಒಳ್ಳೆಯ ಮಾತು ಬೇಕಿದ್ದರೆ ನಮ್ಮ ಹಳೆಯ ಗಿರಾಕಿಗಳನ್ನು ಕೇಳಿ, ಬೀದಿ ಕೊನೆಯ ಗುಂಡಿ-ದಾರದ ಅಂಗಡಿಯವನನ್ನು ಕೇಳಿ, ಬೇಕಾದರೆ ನನ್ನ ಗಂಡನನ್ನೇ ಕೇಳಿ. ಅವರೆಲ್ಲ ಬಾಯಿ ತುಂಬ ಹೇಳುತ್ತಾರೆ. ನನ್ನನ್ನು ಕೇಳಿದರೆ ಬರುವುದು ಹೊಟ್ಟೆಕಿಚ್ಚಿನ ಮಾತೇ. ಅದನ್ನು ಅಡಗಿಸಿಟ್ಟುಕೊಂಡು ನನಗೇನೂ ಆಗಬೇಕಾಗಿಲ್ಲ. ಈ ವಯಸ್ಸಿನಲ್ಲಿ ಮಂಡಿನೋವನ್ನೇ ಮುಚ್ಚಿಡುವುದಿಲ್ಲ, ಇನ್ನು ಹೊಟ್ಟೆಯುರಿಯನ್ನು ಮುಚ್ಚಿಡಲೇ?

ನಮ್ಮದು ಹೊಲಿಗೆಯ ಮನೆ. ಮೇಲೆ ವಾಸ, ಕೆಳಗೆ ಕಾರ್ಖಾನೆ. ಕಾರ್ಖಾನೆ ಎಂದರೆ ಭಾರಿ ಏನಲ್ಲ. ಉದ್ದನೆಯ ಒಂದು ಕೋಣೆ, ಬಾಗಿಲ ಕಡೆ ಎರಡು ಸಾಲು ಹೊಲಿಗೆ ಯಂತ್ರ, ಒಳಗಡೆ ಕತ್ತರಿಸುವ ಮೇಜು. ಶಾಲೆ, ಆಸ್ಪತ್ರೆ, ಹೋಟೆಲುಗಳಿಗೆ ಸಮವಸ್ತ್ರ ಹೊಲಿಯುತ್ತೇವೆ. ಎಲ್ಲ ಒಂದೇ ಥರದ್ದು, ರಾಶಿ ರಾಶಿ. ಹಾಗಾಗಿ ನಮ್ಮಲ್ಲಿ ಬಟ್ಟೆಯನ್ನು ಒಂದೊಂದೇ ಕತ್ತರಿಸುವುದಿಲ್ಲ. ಮೇಜಿನುದ್ದಕ್ಕೂ ಪದರದ ಮೇಲೆ ಪದರ ಹಾಸಿ, ರಟ್ಟಿನ ಅಚ್ಚಿಟ್ಟು ಸೀಮೆಸುಣ್ಣದಲ್ಲಿ ಗೆರೆ ಎಳೆದು, ಕರೆಂಟಿನ ಅಲಗಿನಿಂದ ಇಡೀ ಅಟ್ಟಿಯನ್ನು ಒಂದೇ ಸಲಕ್ಕೆ ಸೀಳುತ್ತೇವೆ. ಹೊಲಿಯುವ ಕೈ ಹತ್ತಾರಿರಬಹುದು. ಅಲಗು ಹಿಡಿಯುವ ಕೈ ಒಂದೇ. ಆಗ ಅದು ಮಾವನವರದು.

ಇಲ್ಲಿ ಒಂದು ಮಾತಿನ ವಿಷಯ ಹೇಳದೆ ಮುಂದೆ ಹೋಗುವ ಹಾಗಿಲ್ಲ. ಗೋತಾ. ಇದು ಎಲ್ಲರಿಗೂ ಗೊತ್ತು, ಎಲ್ಲರೂ ಎಲ್ಲದಕ್ಕೂ ಬಳಸುತ್ತಾರೆ. ಪಕ್ಕದ ಮನೆಯ ಹುಡುಗ ಗಣಿತದಲ್ಲಿ ಗೋತಾ ಹೊಡೆದ. ಹೊಸ ಸಿನಿಮಾ ಮೊದಲ ಆಟಕ್ಕೇ ಗೋತಾ. ಅಡುಗೆಗೆ ಉಪ್ಪು ಜಾಸ್ತಿ ಬಿದ್ದರೂ ಗೋತಾ, ಬಸ್ಸು ತಪ್ಪಿದರೂ ಗೋತಾ. ಮಾವನವರಿಗೆ ಇದನ್ನೆಲ್ಲ ಕೇಳಿದರೆ ಮೈ ಉರಿಯುತ್ತಿತ್ತು. ಚಿಕ್ಕಂದಿನಲ್ಲಿ ಅವರಿಗೆ ಗಾಳಿಪಟದ ಹುಚ್ಚು.

"ಗೋತಾ ಅಂದ್ರೆ ಏನು ಅಂತ ಪಟ ಹಾರಿಸಿದವನನ್ನ ಕೇಳಬೇಕು," ಎನ್ನುತ್ತಿದ್ದರು. "ಮೇಲೆ ಚುಕ್ಕಿಯಷ್ಟು ಕಾಣ್ತಾ ಇರುತ್ತೆ. ಗಾಳಿ ಚೆನ್ನಾಗಿರುತ್ತೆ, ದಾರ ಗಟ್ಟಿಯಾಗಿರುತ್ತೆ. ಇದ್ದಕ್ಕಿದ್ದ ಹಾಗೆ ತಲೆ ಕೆಳಗಾಗಿ ಸೊಂಯ್ ಅಂತ ನೆಲಕ್ಕೆ! ಅದು ಗೋತಾ. ನೆಲದ ಮೇಲೇ ಬಿದ್ದಿರೋ ಪಟ ಹೇಗೆ ಗೋತಾ ಹೊಡೆಯುತ್ತೆ?"

ಎದುರು ಬೀದಿಯ ದರ್ಜಿಯ ಅಂಗಡಿ ವರ್ಷಗಟ್ಟಲೆ ಸೊರಗಿ ಸೊರಗಿ ಕೊನೆಗೆ ಬಾಗಿಲು ಹಾಕಿದಾಗ ನನ್ನ ಗಂಡ, "ಪಾಪ, ಗೋತಾ," ಎಂದದ್ದಕ್ಕೂ ರೇಗಿದ್ದರು. "ಅದು ಸವೆದು ಹೋಗಿದ್ದು ಕಣೋ. ನಿನ್ನ ಚಪ್ಪಲಿ ಸವೆದರೆ ಗೋತಾ ಹೊಡೀತು ಅಂತೀಯಾ?"

ಕಾರ್ಖಾನೆಯೊಳಗಂತೂ ಈ ಮಾತಿಗೆ ಅವರದೇ ಕಾನೂನಿತ್ತು. ಬಿಚ್ಚಿ ಸರಿ ಮಾಡಬಹುದಾದದ್ದು ತಪ್ಪು. ಬಿಚ್ಚಲಾಗದ್ದು, ಒಂದೇ ಏಟಿಗೆ ಇಡೀ ಅಟ್ಟಿ ಹಾಳಾದದ್ದು ಮಾತ್ರ ಗೋತಾ. ಅಂದರೆ ಹೊಲಿಯುವವರಿಗೆ ಆ ಮಾತಿನ ಹಕ್ಕೇ ಇಲ್ಲ, ಕತ್ತರಿಸುವವರಿಗಷ್ಟೇ. ಮಾಡಿದವರೇ ಅದನ್ನು ಎಲ್ಲರಿಗೂ ಕೇಳುವ ಹಾಗೆ ಹೇಳಬೇಕು. ಅವರಿಗಿಂತ ಮೊದಲು ಇನ್ನೊಬ್ಬರು ಹೇಳಕೂಡದು. ಹೇಳಿ, ಹಾಳಾದ ತುಂಡೊಂದನ್ನು ಮೇಜಿನ ಹಿಂದಿನ ಗೋಡೆಗೆ ನೇತುಹಾಕಬೇಕು. ಆಮೇಲೆ ಯಾರೂ ಅದಕ್ಕಾಗಿ ಅವರನ್ನು ಆಡಿಕೊಳ್ಳುವ ಹಾಗಿಲ್ಲ. ನಾನು ಈ ಮನೆಗೆ ಬಂದಾಗ ಆ ಗೋಡೆಯ ಮೇಲೆ ಬಣ್ಣ ಮಾಸಿದ ಒಂದು ತೋಳು ತೂಗುತ್ತಿತ್ತು, ಯಾರ ಕೈಗೂ ಆಗದಷ್ಟು ಗಿಡ್ಡ. ಮಾವನವರದು, ಅವರ ಪ್ರಾಯದ ಕಾಲದ್ದು.

ಮದುವೆಯಾದ ಹೊಸತರಲ್ಲಿ ನಾನೊಮ್ಮೆ ಒಂದು ಗಂಟು ಷರಟುಗಳ ಜೇಬನ್ನೆಲ್ಲ ತಲೆಕೆಳಗಾಗಿ ಹೊಲಿದುಬಿಟ್ಟೆ. ಗಾಬರಿಯಲ್ಲಿ "ಅಯ್ಯೋ, ಗೋತಾ ಆಯ್ತು!" ಎಂದು ಕೂಗಿದೆ. ಯಂತ್ರಗಳೆಲ್ಲ ಗಕ್ಕನೆ ನಿಂತವು. ಮಾವ ಮೇಜು ಬಿಟ್ಟು ಬಂದು ಒಂದು ಷರಟು ಎತ್ತಿ ನೋಡಿದರು. "ಇದಾ? ಬಿಚ್ಚು," ಎಂದು ಹೋದರು. ಸಾಲಿನಲ್ಲಿದ್ದವರು ಮುಸಿಮುಸಿ ನಕ್ಕರು. ಬೈದಿದ್ದರೆ ಇಷ್ಟು ನೆನಪಿರುತ್ತಿರಲಿಲ್ಲ. ಹಾಳು ಮಾಡುವುದಕ್ಕೂ ನನ್ನ ಕೆಲಸ ಸಾಲದು ಎಂದ ಹಾಗಿತ್ತು ಅದು.

ಅಂದಿನಿಂದ ನಾನು ಹಟ ಹಿಡಿದು ಕಲಿತೆ. ಕಾಲರ್ ಕೂರಿಸುವುದರಲ್ಲಿ ನನ್ನದು ಎತ್ತಿದ ಕೈ. ಈ ಮಾತನ್ನು ನಾನೇ ಹೇಳಿಕೊಳ್ಳಬೇಕಾಗಿದೆ, ಏಕೆಂದರೆ ಮತ್ತೆ ಯಾರೂ ಹೇಳಿಲ್ಲ. ಆದರೆ ಕಣ್ಣು ಮಾತ್ರ ಮೇಜಿನ ಮೇಲೆ. ಮಾವನವರ ಕಣ್ಣಿಗೆ ಪೊರೆ ಬರುತ್ತಿತ್ತು. ಇವತ್ತಲ್ಲ ನಾಳೆ ಅಲಗನ್ನು ಯಾರಿಗಾದರೂ ಕೊಡಲೇಬೇಕು. ನನ್ನ ಗಂಡನಿಗೆ ಆರ್ಡರು ಹಿಡಿಯಲು ಊರು ಸುತ್ತುವುದೇ ಇಷ್ಟ, ಮೈದುನನಿಗೆ ಹೇಳಿದ್ದು ಬಿಟ್ಟು ಬೇರೆ ತಿಳಿಯದು. ಉಳಿದವಳು ನಾನು, ಹಿರಿಸೊಸೆ. ಯಂತ್ರ ತುಳಿಯುತ್ತಲೇ ಮನಸ್ಸಿನಲ್ಲಿ ಆ ಮೇಜಿನ ಹಿಂದೆ ಎಷ್ಟು ಸಲ ನಿಂತೆನೋ ಲೆಕ್ಕವಿಲ್ಲ.

ಅಷ್ಟರಲ್ಲಿ ಮೈದುನ ಮದುವೆಯಾದ, ಅವಳು ಬಂದಳು.

ಕುಳ್ಳಿ. ಉಗುರು ಕಚ್ಚುವವಳು. ಕೆಲಸ ಮಾಡುವಾಗ ಅರ್ಧ ಹಾಡು ಗುನುಗಿ ಉಳಿದರ್ಧ ಮರೆಯುವವಳು. ಅವಳ ಹೊಲಿಗೆ ನೋಡಿ ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು, ಇರುವೆ ಸಾಲು ಅದಕ್ಕಿಂತ ನೆಟ್ಟಗಿರುತ್ತದೆ. ಅವಳಿಗೆ ಗುಂಡಿ ಹಚ್ಚುವ ಕೆಲಸ ಕೊಟ್ಟು ನಾನು ನಿಶ್ಚಿಂತೆಯಾಗಿದ್ದೆ. "ಅಕ್ಕ, ಇದು ಸರಿ ಇದೆಯಾ ನೋಡಿ," ಎಂದು ಮಾತು ಮಾತಿಗೆ ಬರುತ್ತಿದ್ದಳು. "ಬಿಚ್ಚು," ಎನ್ನುತ್ತಿದ್ದೆ. ಹೇಳುವುದರಲ್ಲಿ ಒಂದು ಸುಖವಿತ್ತು.

ಒಂದು ದಿನ ಮಾವ ಬಾಗಿಲ ಬೆಳಕಿಗೆ ಬಟ್ಟೆ ಹಿಡಿದು ನಿಂತಿದ್ದರು. ಬಟ್ಟೆಗೆ ಹೊರಮೈ, ಒಳಮೈ ಎಂದಿರುತ್ತದೆ. ಕೆಲವು ಬಟ್ಟೆಯಲ್ಲಿ ಆ ವ್ಯತ್ಯಾಸ ಕೂದಲೆಳೆಯಷ್ಟು. ಅವರ ಮಸುಕು ಕಣ್ಣಿಗೆ ಸಿಗುತ್ತಿರಲಿಲ್ಲ. ಇವಳು ನೀರಿನ ಲೋಟ ಹಿಡಿದು ಹಾದುಹೋಗುತ್ತ, ಬೆರಳ ತುದಿಯಲ್ಲಿ ಬಟ್ಟೆ ಮುಟ್ಟಿ, "ಇದು ಒಳಮೈ ಮಾವ. ಹೊರಮೈ ಆ ಕಡೆ," ಎಂದಳು. ನೋಡಿರಲೇ ಇಲ್ಲ. ಮಾವ ಅವಳನ್ನು ಕೂರಿಸಿ, ಕಣ್ಣು ಮುಚ್ಚಿಸಿ, ಚೂರು ಬಟ್ಟೆಗಳ ಚೀಲವನ್ನೇ ಮುಂದೆ ಸುರಿದರು. ಒಂದೊಂದನ್ನೂ ಮುಟ್ಟಿ ಹೇಳಿದಳು. ಒಂದೂ ತಪ್ಪಲಿಲ್ಲ. ಸಾಲಿನವರು ಯಂತ್ರ ಬಿಟ್ಟೆದ್ದು ಬಂದು ಸುತ್ತ ನಿಂತರು. ಅಂದೇ ಅವಳಿಗೆ ಬೆರಳಮ್ಮ ಎಂದು ಹೆಸರು ಬಿತ್ತು.

ಆ ಸಂಜೆ ನಾನು ಅಡುಗೆಮನೆಯ ಬಾಗಿಲು ಹಾಕಿಕೊಂಡು, ಕಣ್ಣು ಮುಚ್ಚಿ, ಮನೆಯಲ್ಲಿದ್ದ ಬಟ್ಟೆಯನ್ನೆಲ್ಲ ಮುಟ್ಟಿ ಮುಟ್ಟಿ ನೋಡಿದೆ. ಬಟ್ಟೆ ಬಟ್ಟೆಯ ಹಾಗೆ ಇತ್ತು. ನನ್ನ ಗಂಡ ಬಾಗಿಲು ತೆರೆದು, "ಏನು ಮಾಡ್ತಾ ಇದೀಯ?" ಎಂದ. "ಒರೆಸೋ ಬಟ್ಟೆ ಹುಡುಕ್ತಾ ಇದೀನಿ," ಎಂದೆ. "ಕಣ್ಣು ಮುಚ್ಕೊಂಡಾ?" ಎಂದ. ಅವನ ಜೊತೆ ಎರಡು ದಿನ ಮಾತು ಬಿಟ್ಟೆ.

ಮಾವ ಅವಳಿಗೆ ಮೊದಲು ಸೀಮೆಸುಣ್ಣ ಕೊಟ್ಟರು, ಆಮೇಲೆ ಅಚ್ಚು ಕೊಟ್ಟರು, ಕೊನೆಗೆ ಅಲಗನ್ನೇ ಕೊಟ್ಟರು. ತಾವು ಪಕ್ಕದಲ್ಲಿ ಒಂದು ಸ್ಟೂಲ್ ಹಾಕಿಕೊಂಡು ಕೂತರು. ನನ್ನನ್ನು ಒಂದು ಮಾತೂ ಕೇಳಲಿಲ್ಲ. ಕೇಳಿದ್ದರೆ "ಆಗಲಿ ಮಾವ" ಎಂದೇ ಹೇಳುತ್ತಿದ್ದೆ, ಆದರೆ ಕೇಳಬೇಕಾಗಿತ್ತು. ಮೈದುನ ಮೇಜಿನ ಆ ತುದಿಯಲ್ಲಿ ನಿಂತು ಬಟ್ಟೆ ಹಾಸಲು ಕೈ ಹಾಕುತ್ತಿದ್ದ. ಹೆಂಡತಿ ಹೇಳಿದರೆ ಬಟ್ಟೆಯ ಬದಲು ತಾನೇ ಹಾಸಿಕೊಂಡು ಮಲಗುವ ಪೈಕಿ ಅವನು.

ಅವಳು ಅಲಗು ಹಿಡಿದಾಗ ಹಾಡು ನಿಲ್ಲಿಸುತ್ತಿದ್ದಳು. ಆಗ ಕೋಣೆಯೆಲ್ಲ ಅಲಗಿನ ಗುಂಯ್ ಶಬ್ದವೊಂದೇ. ನಾನು ತಗ್ಗಿಸಿದ ತಲೆ ಎತ್ತದೆ ಆ ಸದ್ದನ್ನೇ ಆಲಿಸುತ್ತಿದ್ದೆ. ಒಂದು ದಿನವಾದರೂ ಅದು ತಡವರಿಸಬಾರದೇ ಎಂದು ಬೇಡಿಕೊಳ್ಳುತ್ತಿದ್ದೆ. ಕತ್ತರಿಸಿದ ಮೇಲೆ ಅವಳೇ ಗಂಟು ಕಟ್ಟಿ, ಎಲ್ಲಕ್ಕಿಂತ ಒಳ್ಳೆಯ ಗಂಟನ್ನು ನನ್ನ ಯಂತ್ರದ ಬಳಿ ತಂದಿಟ್ಟು, "ಇದು ನಿಮ್ಮ ಕೈಗೇ ಆಗಬೇಕು ಅಕ್ಕ," ಎನ್ನುತ್ತಿದ್ದಳು. ಒಳ್ಳೆಯತನ ತೋರಿಸಿ ಹೊಟ್ಟೆ ಉರಿಸುವವರ ಜೊತೆ ಕಾಲು ಕೆರೆದು ಜಗಳಕ್ಕೂ ಹೋಗಲಾಗದು. ಗೋತಾ ಎನ್ನುವ ಹಕ್ಕು ಈಗ ಅವಳದು. ಅದನ್ನು ಅವಳು ಬಳಸುವ ದಿನಕ್ಕಾಗಿ ನಾನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದೆ.

ಬಂತು ಆ ದಿನ. ದೊಡ್ಡ ಹೋಟೆಲೊಂದರ ಆರ್ಡರು, ಮೊದಲು ಪರದೆಗಳು, ಆಮೇಲೆ ಕೆಲಸದವರ ಕೋಟುಗಳು. ಪರದೆಗೆ ಎಡ ಬಲ ಇಲ್ಲ. ಎಲ್ಲ ಪದರವನ್ನೂ ಹೊರಮೈ ಮೇಲೆ ಮಾಡಿ ಹಾಸಿದರೆ ಆಯಿತು. ಕೋಟು ಹಾಗಲ್ಲ. ಅದರ ಎದೆಗೆ ಎಡದ್ದೊಂದು, ಬಲದ್ದೊಂದು ಭಾಗ ಬೇಕು. ಅದಕ್ಕೇ ಒಂದು ಪದರ ಹೊರಮೈ ಮೇಲೆ, ಮುಂದಿನದು ಹೊರಮೈ ಕೆಳಗೆ, ಹೀಗೆ ಒಂದು ಬಿಟ್ಟು ಒಂದು ಮಗುಚಿ ಹಾಸುತ್ತೇವೆ. ಆಗ ಒಂದೇ ಅಚ್ಚಿನಲ್ಲಿ ಎಡವೂ ಬಲವೂ ಜೋಡಿಯಾಗಿ ಬರುತ್ತವೆ. ಇದು ಕಲಿಯುವ ಮೊದಲ ಪಾಠ. ವಾರಗಟ್ಟಲೆ ಪರದೆಯನ್ನೇ ಹಾಸಿದ ಅವಳ ಕೈ ಕೋಟಿನ ಬಟ್ಟೆಯನ್ನೂ ಹಾಗೇ ಹಾಸಿತು. ಕಡುನೀಲಿ ಬಟ್ಟೆ, ಎರಡು ಮೈಗೂ ಕಣ್ಣಿಗೆ ಕಾಣುವ ವ್ಯತ್ಯಾಸ ಅಷ್ಟಿಲ್ಲ. ಒಳಗಿನ ಬೆಳಕಿನಲ್ಲಿ ಬೆರಳಿಗೆ ಮಾತ್ರ ಗೊತ್ತಾಗುವುದು. ಅವಳ ಬೆರಳು ಹೊರಮೈ ಹುಡುಕಿ ಹುಡುಕಿ ಪ್ರತಿಯೊಂದನ್ನೂ ಮೇಲೆ ಮಾಡಿತು.

ಮೊದಲ ಗಂಟು ಬಂದದ್ದು ಎಂದಿನಂತೆ ನನ್ನ ಬಳಿಗೆ. ಎಡಭಾಗ ಎತ್ತಿಕೊಂಡೆ. ಬಲಭಾಗ ಎತ್ತಿಕೊಂಡೆ. ಅದೂ ಎಡಭಾಗವೇ. ಇನ್ನೊಂದು ತೆಗೆದೆ, ಎಡ. ಗಂಟನ್ನೇ ಬಿಚ್ಚಿ ನೋಡಿದೆ, ಎಲ್ಲ ಎಡ, ಎಡ, ಎಡ. ಒಂದು ಕ್ಷಣ ಇಷ್ಟು ಬಟ್ಟೆ ಹೋಯಿತಲ್ಲ ಎನಿಸಿತು, ನಿಜ. ಮರುಕ್ಷಣ ಅಲ್ಲೇ ಎದ್ದು ಕುಣಿಯುವಷ್ಟು ಖುಷಿಯಾಯಿತು. ಇಡೀ ಕೋಣೆಯಲ್ಲಿ ಅದು ಗೊತ್ತಿದ್ದವಳು ನಾನೊಬ್ಬಳೇ. ಆ ಕಡೆ ಅವಳು ಮರೆತ ಹಾಡಿನ ಅರ್ಧ ಗುನುಗುತ್ತ ಮೇಜು ಒರೆಸುತ್ತಿದ್ದಳು.

ಎರಡು ತುಂಡು ಕೈಯಲ್ಲಿ ಹಿಡಿದು ಮೇಜಿನ ಕಡೆ ನಡೆದೆ. ಮದುವೆಯ ದಿನವೂ ನಾನು ಅಷ್ಟು ನೆಟ್ಟಗೆ ನಡೆದಿರಲಿಲ್ಲ. ತುಟಿ ಪಿಟಕ್ಕೆನ್ನದೆ ಎರಡನ್ನೂ ಅಕ್ಕಪಕ್ಕ ಅವಳ ಮುಂದೆ ಹಾಸಿದೆ, ಜೇಬಿನ ಗುರುತು ಎರಡರಲ್ಲೂ ಒಂದೇ ಕಡೆ. ಅವಳು ನೋಡಿದಳು. ಒಂದನ್ನು ಮುಟ್ಟಿದಳು, ಇನ್ನೊಂದನ್ನು ಮುಟ್ಟಿದಳು. ಈಗ ಅಳುತ್ತಾಳೆ, ಗಂಡನ ಮೇಲೆ ಹಾಕುತ್ತಾಳೆ, ಬಟ್ಟೆಯವನ ಮೇಲೆ ಹಾಕುತ್ತಾಳೆ ಎಂದು ಮೈಯೆಲ್ಲ ಕಿವಿಯಾಗಿ ನಿಂತೆ.

"ಗೋತಾ," ಎಂದಳು. ಯಂತ್ರಗಳ ಸದ್ದಿನಲ್ಲಿ ಯಾರಿಗೂ ಕೇಳಲಿಲ್ಲ. ಮತ್ತೆ ಜೋರಾಗಿ, "ಗೋತಾ! ನಾನೇ ಹೊಡೆದಿದ್ದು!" ಎಂದಳು.

ಯಂತ್ರಗಳು ನಿಂತವು.

"ಎಷ್ಟು?" ಎಂದರು ಮಾವ.

"ಎಲ್ಲಾನೂ, ಮಾವ."

ಮೈದುನ ಒಂದು ತುಂಡು ಎತ್ತಿಕೊಂಡು, "ಮಗುಚಿ ಹೊಲಿದರೆ ಆಗಲ್ವಾ? ಎರಡು ಮೈಯೂ ಒಂದೇ ಥರ ಇದೆಯಲ್ಲ," ಎಂದ. ಮಾವ ಅವನನ್ನು ಬಾಗಿಲಿಗೆ ಕರೆದುಕೊಂಡು ಹೋಗಿ ಬಿಸಿಲಿನಲ್ಲಿ ಇನ್ನೊಂದು ತುಂಡನ್ನು ಮಗುಚಿ ಅದರ ಪಕ್ಕಕ್ಕೆ ಜೋಡಿಸಿ ಹಿಡಿಸಿದರು. ಅರ್ಧ ಎದೆ ಒಂದು ಬಣ್ಣ, ಅರ್ಧ ಎದೆ ಇನ್ನೊಂದು. ಮಾವ ಸ್ಟೂಲಿಗೆ ವಾಪಸು ಬಂದು, ಹಾಳಾದ ಅಟ್ಟಿಯನ್ನು ಒಂದೊಂದಾಗಿ ಹೆಬ್ಬೆರಳಲ್ಲಿ ಸವರಿ ನೋಡಿದರು.

"ಒಂದು ಪದರಾನೂ ತಪ್ಪಿಲ್ಲವಲ್ಲೇ," ಎಂದರು. "ಎಲ್ಲ ಹೊರಮೈಯೇ. ನನ್ನ ಕೈಲೂ ಇಷ್ಟು ಸರಿಯಾಗಿ ಆಗ್ತಿರಲಿಲ್ಲ."

ಕೇಳಿದಿರಾ? ಆಗಸದಿಂದ ಬಿದ್ದವಳನ್ನೂ ಎಷ್ಟು ಚೆನ್ನಾಗಿ ಬಿದ್ದೆ ಎಂದು ಹೊಗಳುವವರು! ನನ್ನ ಖುಷಿಗೆ ಅಲ್ಲೇ ಮಣ್ಣು ಬಿತ್ತು. ನನ್ನ ಕಾಲರನ್ನು ಆ ಬಾಯಿ ಒಂದು ದಿನ ಹೊಗಳಿದ್ದಿಲ್ಲ.

ಅವಳು ಒಂದು ಎಡಭಾಗವನ್ನು ಮಾವನ ಗಿಡ್ಡ ತೋಳಿನ ಪಕ್ಕಕ್ಕೆ ನೇತುಹಾಕಿ, ಮೆಟ್ಟಿಲು ಹತ್ತಿ ಹೋಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಊಟಕ್ಕೆ ಏಳಲಿಲ್ಲ. ಇನ್ನು ಅಲಗು ಮುಟ್ಟುವುದಿಲ್ಲ ಎಂದು ಹಟ ಹಿಡಿದಿದ್ದಾಳೆ ಎಂದು ಮೈದುನ ಕಣ್ಣೊರೆಸಿಕೊಂಡು ಬಂದು ಹೇಳಿದ. ಹೋಟೆಲಿನವರು ಕಾಯುವವರಲ್ಲ. ನನ್ನ ಗಂಡ ಅಂದೇ ಅಂಗಡಿಗಳನ್ನೆಲ್ಲ ಅಲೆದು ಅದೇ ನೀಲಿ ಬಟ್ಟೆಯನ್ನು ಮತ್ತೆ ಹೊಂದಿಸಿ ತಂದ. ಬಟ್ಟೆ ಇಳಿಸಿದ ಮೇಲೆ ಮಾವ ನನ್ನ ಯಂತ್ರದ ಹತ್ತಿರ ಬಂದು ನಿಂತರು.

"ನಾಳೆ ನೀನು ನಿಲ್ಲಮ್ಮ ಮೇಜಿಗೆ," ಎಂದರು.

ಇಷ್ಟು ವರ್ಷ ಕಾದ ಮಾತು. "ಆಗಲಿ ಮಾವ," ಎಂದೆ.

ಬೆಳಗ್ಗೆ ಮೈದುನನ ಜೊತೆ ಬಟ್ಟೆ ಹಾಸಿದೆ. ಹೊರಮೈ ಮೇಲೆ, ಹೊರಮೈ ಕೆಳಗೆ. ಪ್ರತಿ ಪದರವನ್ನೂ ಬೆಳಕಿಗೆ ಹಿಡಿದು ನೋಡಿ ಹಾಸಿದೆ, ಅಳೆದು ಸುರಿದು ಗೆರೆ ಎಳೆದೆ. ಒಂದೂ ತಪ್ಪಿರಲಿಲ್ಲ. ಅಲಗಿನ ಸ್ವಿಚ್ಚು ಒತ್ತಿದೆ. ಅದು ಕೈಯಲ್ಲಿ ನಡುಗುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ದೂರದಿಂದ ಕೇಳಿದ್ದೆನೇ ಹೊರತು ಹಿಡಿದಿರಲಿಲ್ಲ. ಬಟ್ಟೆಯ ಅಂಚಿನವರೆಗೆ ತಂದೆ. ಅಲ್ಲಿಂದ ಮುಂದೆ ಕೈ ಹೋಗಲಿಲ್ಲ.

ಸ್ವಿಚ್ಚು ಆರಿಸಿದೆ. "ಗೆರೆ ಸರಿಯಾಗಿ ಕಾಣ್ತಿಲ್ಲ," ಎಂದು ಮತ್ತೆ ಎಳೆದೆ. ಮತ್ತೆ ಹಚ್ಚಿದೆ, ಮತ್ತೆ ಅಂಚಿನವರೆಗೆ ತಂದೆ. ಮತ್ತೆ ಅಲ್ಲೇ ನಿಂತಿತು. ಹೊಲಿಗೆಯಲ್ಲಿ ಸೂಜಿ ಇಳಿದ ಮೇಲೂ ದಾರ ನನ್ನ ಮಾತು ಕೇಳುತ್ತದೆ. ಇದು ಇಳಿದರೆ ಇಳಿಯಿತು. ಸಾಲಿನಲ್ಲಿ ಒಬ್ಬರೂ ಯಂತ್ರ ತುಳಿಯುತ್ತಿರಲಿಲ್ಲ. ಮಾವ ಸ್ಟೂಲಿನ ಮೇಲೆ ಕೂತು ಅಲಗಿನ ಸದ್ದನ್ನೇ ಕೇಳುತ್ತಿದ್ದರು, ಅದು ಬಟ್ಟೆಗೆ ಇಳಿದಾಗ ಬದಲಾಗುವ ಸದ್ದಿಗೆ ಕಾಯುತ್ತ.

ಯಾವಾಗ ಇಳಿದು ಬಂದಳೋ, ಅವಳು ಮೇಜಿನ ಎದುರು ನಿಂತಿದ್ದಳು. ತಲೆ ಬಾಚಿರಲಿಲ್ಲ, ಕಣ್ಣು ಊದಿತ್ತು. ಅಟ್ಟಿಯ ಅಂಚನ್ನು ಬೆರಳಿನಿಂದ ಮೇಲಿಂದ ಕೆಳಗಿನವರೆಗೆ ಸವರಿದಳು.

"ಸರಿಯಾಗಿದೆ ಅಕ್ಕ. ಎಲ್ಲಾ ಸರಿಯಾಗಿದೆ. ಕತ್ತರಿಸಿ."

ನನ್ನಿಂದ ಆಗಲಿಲ್ಲ.

"ಕತ್ತರಿಸಿ ಅಕ್ಕ," ಎಂದಳು ಮತ್ತೆ, ಮೆಲ್ಲಗೆ.

ನಾನು ಅಲಗನ್ನು ಅವಳ ಕಡೆ ತಳ್ಳಿದೆ. ಅವಳು ಮಾವನನ್ನು ನೋಡಿದಳು, ನನ್ನನ್ನು ನೋಡಿದಳು. ಬಂದು ಹಿಡಿದಳು. ಅವಳ ಕೈ ನಡುಗುತ್ತಿತ್ತು. ನಾನು ಪಕ್ಕದಲ್ಲೇ ಇದ್ದೆ, ನನ್ನ ಕಣ್ಣಾರೆ ಕಂಡೆ, ನನ್ನ ಕೈಗಿಂತ ಹೆಚ್ಚಾಗಿ ನಡುಗುತ್ತಿತ್ತು. ಆ ನಡುಗುವ ಕೈಯಲ್ಲೇ ಅಲಗು ಬಟ್ಟೆಗೆ ಇಳಿಯಿತು, ಗೆರೆ ಬಿಡದೆ ಆ ತುದಿಯವರೆಗೂ ಹೋಯಿತು. ನಿನ್ನೆ ತಾನೇ ಅಷ್ಟೆತ್ತರದಿಂದ ಬಿದ್ದವಳು! ಅವಳ ಬೆರಳಿನ ಮೇಲೆ ನನಗಿದ್ದ ಹೊಟ್ಟೆಕಿಚ್ಚು ಅಂದು ಏನೂ ಅಲ್ಲ ಎನಿಸಿತು. ಅದಕ್ಕಿಂತ ದೊಡ್ಡದೊಂದು ಹತ್ತಿಕೊಂಡಿತು, ಇಂದಿಗೂ ಆರಿಲ್ಲ.

ನಾನು ಯಂತ್ರಕ್ಕೆ ವಾಪಸು ಹೋದೆ. ಮೊದಲ ಗಂಟು ನನಗೇ ಬಂತು, ಒಂದು ಎಡ, ಒಂದು ಬಲ. ಅಂದು ನನ್ನ ಮೊದಲ ಕೋಟಿನ ಕಾಲರು ಸೊಟ್ಟಗೆ ಕೂತಿತು. ಯಾರೂ ನೋಡುವ ಮೊದಲೇ ಬಿಚ್ಚಿ ಹೊಲಿದೆ.

ಈಗ ಮಾವ ಇಲ್ಲ. ಅವಳ ತಲೆ ನರೆತಿದೆ, ಹಾಡು ಇನ್ನೂ ಅರ್ಧಕ್ಕೇ ನಿಲ್ಲುತ್ತದೆ. ಗೋಡೆಯ ಮೇಲೆ ಮಾವನ ತೋಳಿನ ಪಕ್ಕ ಅವಳ ನೀಲಿ ತುಂಡು, ಅದರ ಪಕ್ಕ ಆಮೇಲಿನ ವರ್ಷಗಳ ಅವಳದೇ ಇನ್ನೊಂದು. ಹೊಸಬರು ಬಂದರೆ ಅವೇ ಮೊದಲು ಕಣ್ಣಿಗೆ ಬೀಳುವುದು. ನನ್ನ ಮಗನಿಗೆ ಮದುವೆಯಾಗಿ ಸೊಸೆ ಬಂದ ಮೇಲೆ ನಾನು ಅವಳಿಗೆ ನನ್ನ ಪಕ್ಕದ ಯಂತ್ರವನ್ನು ಎಣ್ಣೆ ಹಾಕಿ ಒರೆಸಿ ಇಟ್ಟಿದ್ದೆ. ಅವಳು ಮೇಜಿನ ಹತ್ತಿರ ಹೋಗಿ ಚಿಕ್ಕತ್ತೆಯ ಪಕ್ಕ ನಿಂತು, ಬಟ್ಟೆಯ ಅಂಚು ಮುಟ್ಟಿ ನೋಡುತ್ತಿದ್ದಳು. ಆಮೇಲೆ ಗೋಡೆಯ ಕಡೆ ಕೈ ತೋರಿಸಿ ಒಂದೊಂದನ್ನೇ ಯಾರದು, ಹೇಗಾಯಿತು ಎಂದು ಕೇಳಿದಳು. ಓರಗಿತ್ತಿ ನಗುನಗುತ್ತ ಎಲ್ಲವನ್ನೂ ಹೇಳಿದಳು.

ಸೊಸೆ ನನ್ನ ಕಡೆ ತಿರುಗಿ, "ಅತ್ತೆ, ಇದರಲ್ಲಿ ನಿಮ್ಮದು ಯಾವುದು?" ಎಂದಳು.

"ನಾನು ಇಷ್ಟು ವರ್ಷದಲ್ಲಿ ಒಂದೂ ಗೋತಾ ಹೊಡೆದಿಲ್ಲ," ಎಂದೆ, ತಲೆ ಎತ್ತಿ, ಎಲ್ಲರಿಗೂ ಕೇಳುವ ಹಾಗೆ.

"ಹೌದಾ," ಎಂದಳು ಸೊಸೆ. ಮತ್ತೆ ಗೋಡೆಯ ಕಡೆ ತಿರುಗಿಕೊಂಡಳು.